ಬೆನ್ನಿನ ಉಬ್ಬು

ಫೋನೊಂದು ಮೇಜಿನ ಮೇಲೆ ಅಲುಗಾಡದೆ ಸಮವಾಗಿ ಕೂತರೆ ಯಾರಿಗೆ ಏನು ನಷ್ಟ?

ಆ ದಿನ ಸಭೆಯಲ್ಲಿ ಕೇದಾರ ಕೇಳಿದ ಪ್ರಶ್ನೆ ಇಷ್ಟೇ. ಕೇಳಿ, ತನ್ನ ಫೋನನ್ನು ಬೆನ್ನು ಕೆಳಗಾಗಿ ಗಾಜಿನ ಮೇಜಿನ ಮೇಲಿಟ್ಟು ಅದರ ಮೂಲೆಯನ್ನು ಬೆರಳಿನಿಂದ ಒತ್ತಿದ. ಟಕ್. ಬೆರಳು ತೆಗೆದ. ಟಕ್. ಮತ್ತೆ ಒತ್ತಿದ. ಸುತ್ತ ಕೂತವರೆಲ್ಲ ನಕ್ಕರು, ಯಾಕೆಂದರೆ ಎಲ್ಲರ ಮನೆಯಲ್ಲೂ ಆ ಸದ್ದು ಇತ್ತು.

ಆ ವೇಳೆಗೆ ಹಿಂಬದಿಯ ಕ್ಯಾಮೆರಾಗಳು ಹೆಬ್ಬೆರಳಿನಷ್ಟು ದಪ್ಪಕ್ಕೆ ಉಬ್ಬಿ ನಿಂತಿದ್ದವು. ಪ್ರತಿ ವರ್ಷ ಹೊಸ ಮಾದರಿ ಬಂದಾಗಲೂ ಒಂದು ಕಣ್ಣು ಹೆಚ್ಚು, ಒಂದು ಎಳೆ ಎತ್ತರ ಹೆಚ್ಚು. ಜೇಬಿನಿಂದ ಫೋನು ತೆಗೆದರೆ ಜೇಬೇ ಆಚೆ ಬರುತ್ತಿತ್ತು. ಉಬ್ಬಿನ ಸುತ್ತ ಧೂಳು ಕೂರುತ್ತಿತ್ತು. ಟೀಪಾಯಿಯ ಮೇಲಿಟ್ಟು ಏನಾದರೂ ಬರೆಯಲು ಹೋದರೆ ಒಂದು ಕಾಲು ಗಿಡ್ಡವಾದ ಮಣೆಯ ಹಾಗೆ ಕುಣಿಯುತ್ತಿತ್ತು. ಜನ ಬೈದುಕೊಂಡೇ ಕೊಳ್ಳುತ್ತಿದ್ದರು.

ತುಮಕೂರಿನ ಹೊರವಲಯದ ಆ ಕಂಪನಿಯಲ್ಲಿ ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದವಳು ಶಾಂಭವಿ. ಕ್ಯಾಮೆರಾ ಕಂಡ ಕೆಂಪು ನಿಜವಾಗಿ ಕೆಂಪೇ, ಬಿಳಿ ನಿಜವಾಗಿ ಬಿಳಿಯೇ ಎಂದು ನೋಡುವುದು ಅವಳ ಕೆಲಸ. ಕೇದಾರ ವಿನ್ಯಾಸದ ಮುಖ್ಯಸ್ಥ, ವಯಸ್ಸಿನಲ್ಲಿ ಅವಳಿಗಿಂತ ಚಿಕ್ಕವನು, ಕೆಟ್ಟವನೇನಲ್ಲ. ಅವನ ಬಳಿ ಈಗ ಹೊಸದೊಂದು ಹಾಳೆ ಇತ್ತು. ಈರುಳ್ಳಿ ಸಿಪ್ಪೆಗಿಂತ ತೆಳು. ಅದರ ಮೇಲೆ ಕಣ್ಣಿಗೆ ಕಾಣದ ಕೋಟಿಗಟ್ಟಲೆ ಕಂಬಗಳು. ಬೆಳಕು ಆ ಕಂಬಗಳ ನಡುವೆ ನುಸುಳುವಾಗಲೇ ಬಾಗುತ್ತದೆ, ಗಾಜಿನ ಮಸೂರ ಬೇಕಿಲ್ಲ. ಆ ಹಾಳೆಯನ್ನು ಫೋನಿನ ಬೆನ್ನಿಗೆ ಪೂರ್ತಿ ಹೊದಿಸಿದರೆ ಬೆನ್ನೆಲ್ಲ ಕಣ್ಣು. ಉಬ್ಬು ಇಲ್ಲ, ತೂತು ಇಲ್ಲ.

ಶಾಂಭವಿ ಬೇಡ ಎಂದಳು. ಅವಳದು ಎರಡು ತಕರಾರು. ಬೆನ್ನೆಲ್ಲ ಕಣ್ಣಾದರೆ ಹಿಡಿದುಕೊಳ್ಳುವುದೂ ಕಣ್ಣನ್ನೇ. ಬೆರಳಿನ ಜಿಡ್ಡು, ಬೆವರು ಎಲ್ಲ ಅಲ್ಲೇ. ಉಬ್ಬಿದ್ದರೆ ಬೆರಳು ತಾನಾಗಿಯೇ ಅಲ್ಲಿಂದ ಸರಿಯುತ್ತದೆ, ಯಾರೂ ಹೇಳಿಕೊಡಬೇಕಿಲ್ಲ. ಇನ್ನೊಂದು, ಉಬ್ಬಿನ ಒಳಅಂಚಿನಲ್ಲಿದ್ದ ಉಂಗುರ. ಕೊಳ್ಳುವವರಿಗೆ ಅದು ಇದೆಯೆಂದೇ ಗೊತ್ತಿರಲಿಲ್ಲ. ಕೂದಲಿನಷ್ಟು ತೆಳ್ಳಗಿನ ಬಿಳಿ ಉಂಗುರ, ಗಾಜಿನೊಳಗೆ ಧೂಳು ಸೋಕದ ಹಾಗೆ ಕೂತಿತ್ತು. ಕ್ಯಾಮೆರಾ ಚಿತ್ರ ತೆಗೆಯುವ ಮೊದಲು ಒಮ್ಮೆ ಅದನ್ನು ನೋಡಿಕೊಳ್ಳುತ್ತಿತ್ತು: ಬಿಳಿ ಎಂದರೆ ಇದು. ಆಮೇಲೆ ಲೋಕವನ್ನು ನೋಡುತ್ತಿತ್ತು.

"ಆ ಉಂಗುರ ತೆಗೆದ್ರೆ ಬಣ್ಣಕ್ಕೆ ಸಾಕ್ಷಿ ಯಾರು ಕೇದಾರ್?"

"ಜನಕ್ಕೆ ಚೆನ್ನಾಗಿ ಕಂಡ್ರೆ ಸಾಕು ಮೇಡಂ," ಎಂದ ಅವನು. "ಸಾಕ್ಷಿ ಕೇಳೋಕೆ ಅವರೇನು ಕೋರ್ಟಿಗೆ ಹೋಗ್ತಾರಾ?"

ಮತ್ತೆ ನಗು. ಸಭೆ ಮುಗಿಯಿತು. ಶಾಂಭವಿ ಸೋತಿದ್ದಳು. ಸೋತವರಿಗೆ ಕಚೇರಿಗಳಲ್ಲಿ ಏನಾಗುತ್ತದೋ ಅದೇ ಆಯಿತು: ಅವಳು ಬೇಡವೆಂದ ಕೆಲಸವನ್ನು ಸರಿಯಾಗಿ ಮಾಡಿಕೊಡುವ ಹೊಣೆ ಅವಳಿಗೇ ಬಂತು.

ಸಂಜೆ ಮನೆಗೆ ಹೋದಾಗ ಮಗಳು ಇಂಚರ ಫೋನಿನ ಒಂದು ಪಕ್ಕಕ್ಕೆ ರಬ್ಬರಿನ ತುಂಡು ಕೊಟ್ಟು, ಸಮ ಮಾಡಿಕೊಂಡು, ಹೋಂವರ್ಕ್ ಬರೆಯುತ್ತಿದ್ದಳು. ಅಮ್ಮ ಏನೋ ದೊಡ್ಡ ಕೆಲಸ ಮಾಡುತ್ತಾಳೆಂದು ನಂಬಿದ ಮಗು ಅದು. "ಇದು ಅಲ್ಲಾಡದಂಗೆ ಮಾಡಕ್ಕೆ ನಿಮ್ಮ ಆಫೀಸಲ್ಲಿ ಯಾರಿಗೂ ಬರಲ್ವಾ?" ಎಂದು ಕೇಳಿತು. ಬರುತ್ತೆ, ಮಾಡ್ತಾ ಇದೀವಿ ಎಂದು ಶಾಂಭವಿ ಕುಕ್ಕರ್ ಇಟ್ಟಳು. ನಿಜ ಹೇಳಬೇಕೆಂದರೆ ಅವಳಿಗೂ ಆ ಸದ್ದು ಕೇಳಿ ಸಾಕಾಗಿತ್ತು. ಅಕ್ಕಿ ತೊಳೆಯುತ್ತ, ಬೆನ್ನಿನ ಜಿಡ್ಡನ್ನು ಹೇಗೆ ಕಳೆಯುವುದು ಎಂಬ ಲೆಕ್ಕ ತಲೆಯಲ್ಲಿ ಓಡತೊಡಗಿತು. ಬೇಡವೆಂದ ಕೆಲಸವಾದರೂ ಕೈಗೆ ಬಂದ ಮೇಲೆ ಅವಳಿಗೆ ಕೆಟ್ಟದಾಗಿ ಮಾಡಲು ಬರುತ್ತಿರಲಿಲ್ಲ.

ದಾರಿ ಸಿಕ್ಕಿತು. ತುಂಬ ಸರಳವಾದ ದಾರಿ. ನೋಡುವ ಎಲ್ಲ ಚಿತ್ರದಲ್ಲೂ ಒಂದೇ ಕಲೆ ಇದ್ದರೆ ಅದು ಲೋಕದ್ದಲ್ಲ, ಬೆನ್ನಿನದು. ಕನ್ನಡಕಕ್ಕೆ ಕೊಳೆ ಅಂಟಿದರೆ ಊರೆಲ್ಲ ಕೊಳೆಯಾಗಿದೆ ಎಂದು ಯಾರೂ ಅಂದುಕೊಳ್ಳುವುದಿಲ್ಲವಲ್ಲ. ಫೋನಿಗೆ ಅಷ್ಟು ಬುದ್ಧಿ ಕಲಿಸಿದರಾಯಿತು. ಬಿಡದೆ ಕಾಣುವ ಕಲೆಯನ್ನು, ಬಿಡದೆ ಕಾಣುವ ಬಣ್ಣವನ್ನು ಅದು ಗುರುತು ಹಿಡಿದು ಚಿತ್ರದಿಂದ ಕಳೆದುಬಿಡಬೇಕು. ಆ ಪ್ರೋಗ್ರಾಮಿಗೆ ಅವಳ ತಂಡದವರು ಮಸಿಬಟ್ಟೆ ಎಂದು ಹೆಸರಿಟ್ಟರು. ಅಡುಗೆಮನೆಯಲ್ಲಿ ಕಟ್ಟೆ ಒರೆಸುವ, ಬಿಸಿ ಪಾತ್ರೆ ಇಳಿಸುವ ಬಟ್ಟೆಯ ಹೆಸರು. ಮೊದಮೊದಲು ಅದು ಕಲಿಯಲು ತಿಂಗಳು ಹಿಡಿಯುತ್ತಿತ್ತು. ಶಾಂಭವಿ ಅದನ್ನು ತಿದ್ದಿ ತಿದ್ದಿ ಚುರುಕು ಮಾಡಿದಳು. ಹೆಚ್ಚು ಚಿತ್ರ ತೆಗೆದಷ್ಟೂ ಬೇಗ ಕಲಿಯುತ್ತದೆ. ಒಂದೆರಡು ದಿನ ಸಾಕು ಎನ್ನುವ ಮಟ್ಟಕ್ಕೆ ತಂದಳು.

ಮೇಲಿನವರ ಮುಂದೆ ತೋರಿಸುವ ದಿನ ಯಾವ ಕಲೆ ಹಚ್ಚುವುದೆಂದು ಚರ್ಚೆಯಾಯಿತು. ಎಣ್ಣೆ, ಬೆವರು, ಮುಖಕ್ಕೆ ಹಚ್ಚುವ ಕ್ರೀಮು ಎಲ್ಲ ಪರೀಕ್ಷೆಯಾಗಿತ್ತು. ಯಾವುದೂ ನೋಡುವವರ ಕಣ್ಣಿಗೆ ಹೊಡೆಯುವಂಥದ್ದಲ್ಲ. ಶಾಂಭವಿಯೇ ಕ್ಯಾಂಟೀನಿಗೆ ಹೋಗಿ ಬಟ್ಟಲಲ್ಲಿ ಅರಿಶಿನ ತಂದಳು. ನಮ್ಮ ಮನೆಗಳಲ್ಲಿ ಒಮ್ಮೆ ಹತ್ತಿದರೆ ಬಿಡದ ಕಲೆ ಅಂದರೆ ಅದೊಂದೇ. ಎರಡು ದಿನ ಮುಂಚೆಯೇ ಫೋನಿನ ಬೆನ್ನಿಗೆ ಅದನ್ನು ತಿಕ್ಕಿ ತಂಡದವರೆಲ್ಲ ಆ ಫೋನಿನಿಂದ ಚಿತ್ರ ತೆಗೆಯುತ್ತ ಓಡಾಡಿದರು. ಸಭೆಯ ದಿನ ಅವಳು ಮೇಜಿನ ಮೇಲೆ ಒಂದು ಮೊಳ ಮಲ್ಲಿಗೆ ಇಟ್ಟು, ಹಳದಿ ಮೆತ್ತಿದ ಫೋನನ್ನು ಎಲ್ಲರಿಗೂ ತಿರುಗಿಸಿ ತೋರಿಸಿ, ಚಿತ್ರ ತೆಗೆದಳು. ಪರದೆಯ ಮೇಲೆ ಮಲ್ಲಿಗೆ ಬೆಳ್ಳಗೆ ಅರಳಿಕೊಂಡು ಬಂತು. ಈಗಷ್ಟೇ ಕಟ್ಟಿದ ಹೂವಿನ ಹಾಗೆ.

ಚಪ್ಪಾಳೆ ಬಿತ್ತು. ಕೇದಾರ ಎದ್ದು ಬಂದು ಕೈ ಕುಲುಕಿ, ಮೊದಲ ಜಾಹೀರಾತು ಇದೇ ಮೇಡಂ ಎಂದ. ಹಾಗೇ ಆಯಿತು. ಕೈ ತುಂಬ ಅರಿಶಿನವಾದ ಗೃಹಿಣಿಯೊಬ್ಬಳು ನಗುತ್ತ ಫೋನು ಹಿಡಿದ ಚಿತ್ರ ಬಸ್ಸುಗಳ ಮೇಲೆಲ್ಲ ಬಂತು. ಬೆನ್ನು ನುಣ್ಣಗಿರುವ ಫೋನು ಆ ವರ್ಷ ಮನೆಮನೆ ಸೇರಿತು. ಟೀಪಾಯಿಗಳ ಮೇಲಿನ ಟಕ್ ಟಕ್ ನಿಂತಿತು. ಇಂಚರ ತನ್ನ ಶಾಲೆಯಲ್ಲಿ ಇದು ನಮ್ಮಮ್ಮ ಮಾಡಿದ್ದು ಎಂದು ಹೇಳಿಕೊಂಡು ಬಂದಳು. ಶಾಂಭವಿ ಬೇಡವೆಂದು ಜಗಳವಾಡಿದ್ದು ಅವಳಿಗೇ ಮರೆಯುತ್ತ ಬಂದಿತ್ತು. ಹೊಗಳಿಕೆ ಸಿಕ್ಕರೆ ಮನುಷ್ಯರಿಗೆ ಬೇಗ ಮರೆಯುತ್ತದೆ.

ಅದೇ ಹೊತ್ತಿಗೆ ತಂಗಿ ಚಂಪಾ ತುಂಬು ಬಸುರಿ, ತಿಪಟೂರಿನಲ್ಲಿ ಅಮ್ಮನ ಮನೆಗೆ ಬಂದಿದ್ದಳು. ಸೀಮಂತಕ್ಕೆ ಹೋದ ಶಾಂಭವಿ ಬಳೆ, ಸೀರೆಯ ಜೊತೆಗೆ ಹೊಸ ಫೋನನ್ನೂ ತಟ್ಟೆಯಲ್ಲಿಟ್ಟಳು. ಹಳೆಯದು ಇದ್ದೇ ಇತ್ತು, ಇದು ಯಾಕೆ ಎಂದು ಚಂಪಾ ಬಾಯಲ್ಲಿ ಅಂದರೂ ಆಗಲೇ ಅದನ್ನು ಕೆನ್ನೆಗೆ ಒತ್ತಿಕೊಂಡು ನುಣುಪು ನೋಡುತ್ತಿದ್ದಳು. ಅಮ್ಮ ಶಿವನಂಜಮ್ಮ ಮಾತ್ರ ಫೋನನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಇದ್ರ ಕಣ್ಣು ಎಲ್ಲೈತೆ ಮಗಳೇ?"

"ಬೆನ್ನೆಲ್ಲ ಕಣ್ಣೇ ಕಣಮ್ಮ."

"ಹಂಗಾದ್ರೆ ಇದನ್ನ ಎಲ್ಲಿ ಹಿಡ್ಕಳದು," ಎಂದಳು ಶಿವನಂಜಮ್ಮ. ಎಲ್ಲರೂ ನಕ್ಕರು. ಶಾಂಭವಿಯೂ ನಕ್ಕಳು.

ಆ ಕಾಲಕ್ಕೆ ಹಸುಗೂಸಿನ ಕಾಮಾಲೆಯನ್ನು ಫೋನಿನಲ್ಲೇ ನೋಡುವುದು ರೂಢಿಯಾಗಿತ್ತು. ಹುಟ್ಟಿದ ಮಗುವಿಗೆ ಮೊದಲ ದಿನಗಳಲ್ಲಿ ಮೈ ಹಳದಿಯಾಗುವುದು ಸಾಮಾನ್ಯ, ಹೆಚ್ಚಿನವಕ್ಕೆ ತಾನೇ ಇಳಿಯುತ್ತದೆ. ಇಳಿಯದೆ ಏರಿದರೆ ಅದು ಮಿದುಳಿಗೆ ಹತ್ತುತ್ತದೆ. ಹಾಗಾಗಿ ಆಸ್ಪತ್ರೆಯಿಂದ ಕಳಿಸುವಾಗಲೇ, ಬೆಳಿಗ್ಗೆ ಸಂಜೆ ಮಗುವಿನ ಎದೆಯ ಮೇಲೆ ಫೋನು ಹಿಡಿದು ನೋಡಿ ಎಂದು ಹೇಳಿ ಕಳಿಸುತ್ತಿದ್ದರು. ಹಸಿರು ಬಂದರೆ ಚಿಂತೆಯಿಲ್ಲ, ಕೆಂಪು ಬಂದರೆ ತಕ್ಷಣ ಹೊರಡಿ. ಉಬ್ಬಿನ ಫೋನುಗಳ ಕಾಲದಲ್ಲಿ, ಆ ಬಿಳಿ ಉಂಗುರವನ್ನು ನಂಬಿ, ದೂರದ ಯಾವುದೋ ಊರಿನ ಯಾರೋ ಮಾಡಿದ ಆ್ಯಪ್ ಅದು. ಎಷ್ಟೋ ಮಕ್ಕಳನ್ನು ಉಳಿಸಿತ್ತು ಕೂಡ. ಹೊಸ ಫೋನು ಬಂದಾಗ ಅದೂ ತಾನಾಗಿ ಹೊಸ ಫೋನಿಗೆ ಬಂತು. ಉಂಗುರ ಹೋಗಿದೆ ಎಂದು ಅದನ್ನು ಮಾಡಿದವರಿಗೆ ಯಾರೂ ಹೇಳಲಿಲ್ಲ. ಯಾರು ಹೇಳಬೇಕೆಂದು ಯಾರ ಕೆಲಸದಲ್ಲೂ ಬರೆದಿರಲಿಲ್ಲ.

ಚಂಪಾಗೆ ಗಂಡು ಮಗುವಾಯಿತು. ಸಲೀಸಾದ ಹೆರಿಗೆ. ಆಸ್ಪತ್ರೆಯಿಂದ ಮನೆಗೆ ಬಂದ ದಿನದಿಂದಲೇ ಶಿವನಂಜಮ್ಮ ಬಾಣಂತನಕ್ಕೆ ಸೆರಗು ಕಟ್ಟಿ ನಿಂತಳು. ಬಾಣಂತಿಗೆ ಎಣ್ಣೆ, ಅರಿಶಿನ, ಬಿಸಿನೀರು. ಮಗುವಿಗೂ ಎಣ್ಣೆ ತಿಕ್ಕಿ, ಅರಿಶಿನ ಸವರಿ, ಕಾಲಿನ ಮೇಲೆ ಮಲಗಿಸಿಕೊಂಡು ಎರೆಯುವುದು. ಆಮೇಲೆ ಸಾಂಬ್ರಾಣಿ ಹೊಗೆ. ಆ ಕೋಣೆಯಲ್ಲಿ ಹಳದಿಯಾಗದ ವಸ್ತು ಇರಲಿಲ್ಲ. ದಿಂಬಿನ ಚೀಲ, ತೊಟ್ಟಿಲ ಬಟ್ಟೆ, ಬಾಗಿಲ ಚಿಲಕ, ಅಜ್ಜಿಯ ಕೈ, ಬಾಣಂತಿಯ ಕೈ. ಆ ಕೈಗಳು ಹಿಡಿದ ಫೋನು. ಚಂಪಾ ಮಗು ಆಕಳಿಸಿದರೊಂದು, ಬಿಕ್ಕಳಿಸಿದರೊಂದು ಚಿತ್ರ ತೆಗೆದು ಅಕ್ಕನಿಗೆ ಕಳಿಸುತ್ತಿದ್ದಳು. ತೆಗೆದಷ್ಟೂ ಮಸಿಬಟ್ಟೆ ಕಲಿಯುತ್ತಿತ್ತು.

ಮೂರನೆಯದೋ ನಾಲ್ಕನೆಯದೋ ದಿನ ಬೆಳಿಗ್ಗೆ ಶಾಂಭವಿ ಲ್ಯಾಬಿನಲ್ಲಿದ್ದಾಗ ಅಮ್ಮನ ಫೋನು ಬಂತು. ಮಗು ಬರೀ ನಿದ್ದೆ ಮಾಡುತ್ತೆ, ಎಬ್ಬಿಸಿದರೂ ಸರಿಯಾಗಿ ಮೊಲೆ ಕುಡಿಯಲ್ಲ, ಪಕ್ಕದ ಮನೆಯವಳು ನೋಡಲು ಬಂದವಳು ಮಗು ಯಾಕೋ ಅರಿಶಿನದ ಹಾಗಿದೆ ಎಂದಳು ಎಂದು ಹೇಳಿದಳು. ಅದಕ್ಕೆ ತಾನು, ಅರಿಶಿನ ಹಚ್ಚಿ ಎರೆದರೆ ಅರಿಶಿನದ ಹಾಗೆ ಇರದೆ ಇನ್ನು ಹೇಗಿರುತ್ತೆ ಎಂದೆ ಎಂದೂ ಸೇರಿಸಿದಳು. ಫೋನಲ್ಲಿ ನೋಡಿದ್ರಾ ಎಂದು ಶಾಂಭವಿ ಕೇಳಿದಳು. ಚಂಪಾ ಫೋನು ಇಸಿದುಕೊಂಡು, ಹೊತ್ತು ಹೊತ್ತಿಗೂ ನೋಡ್ತಿದೀನಿ, ಹಸಿರೇ ಬರ್ತಿದೆ ಎಂದು ಹೇಳಿ, ನೀನೇ ನೋಡು ಎಂದು ಆ ಕ್ಷಣದ ಚಿತ್ರ ಕಳಿಸಿದಳು.

ಶಾಂಭವಿ ನೋಡಿದಳು. ಬಣ್ಣವನ್ನು ನೋಡುವುದೇ ಅವಳ ವಿದ್ಯೆ. ಮಗು ಗುಲಾಬಿ ಬಣ್ಣಕ್ಕಿತ್ತು. ತುಟಿ ಕೆಂಪು, ಹಣೆ ತಿಳಿ.

"ಚೆನ್ನಾಗೇ ಇದಾನೆ ಕಣೇ. ಮಲಗ್ಲಿ ಬಿಡು, ಏಳಿಸಬೇಡಿ," ಎಂದಳು.

ಮೀಟಿಂಗಿಗೆ ಕರೆಯುತ್ತಿದ್ದರು. ಅವಳು ಹೋದಳು.

ಶನಿವಾರ ತಿಪಟೂರಿಗೆ ಹೋದಾಗ ಮನೆಯಲ್ಲಿ ಎಲ್ಲರೂ ಖುಷಿಯಾಗಿಯೇ ಇದ್ದರು. ಚಂಪಾಳ ಗಂಡ ಪ್ರಭುಲಿಂಗ ಕೊಬ್ಬರಿ ಮಂಡಿಗೆ ರಜೆ ಹಾಕಿ ಬಂದು ಹಜಾರದಲ್ಲಿ ಕೂತಿದ್ದ. ಇಂಚರ ತಮ್ಮನನ್ನು ನೋಡಲು ಮುಂದೆ ಓಡಿದಳು. ಓಡಿದವಳು ಬಾಗಿಲಲ್ಲೇ ನಿಂತು, ಅಮ್ಮಾ, ಫೋಟೋದಲ್ಲಿ ಇದ್ದಿದ್ದು ಇವನೇನಾ ಎಂದು ಕೇಳಿದಳು.

ಶಾಂಭವಿ ಕಿಟಕಿಯ ಪರದೆ ಸರಿಸಿದಳು. ಮಗುವನ್ನು ಬೆಳಕಿಗೆ ಎತ್ತಿಕೊಂಡಳು. ಹಗುರಾಗಿತ್ತು, ಕುತ್ತಿಗೆ ಹಿಂದಕ್ಕೆ ಸೆಟೆದುಕೊಂಡಿತ್ತು. ಎದೆ, ಹೊಟ್ಟೆ, ಅಂಗಾಲು ಎಲ್ಲ ಹಳದಿ. ಒದ್ದೆ ಬಟ್ಟೆಯಿಂದ ಹಣೆ ಒರೆಸಿದಳು, ಬಣ್ಣ ಬಟ್ಟೆಗೆ ಬರಲಿಲ್ಲ. ರೆಪ್ಪೆ ಬಿಡಿಸಿದಳು. ಅರಿಶಿನವನ್ನು ಯಾರೂ ಕಣ್ಣಿನೊಳಗೆ ಹಚ್ಚುವುದಿಲ್ಲ. ಕಣ್ಣಿನ ಬಿಳಿ ಭಾಗವೂ ಹಳದಿಯಾಗಿತ್ತು.

ಚಂಪಾ ಗಾಬರಿಯಾಗಿ ಫೋನು ಹಿಡಿದಳು. ಹಸಿರು. ಪರದೆಯ ಮೇಲೆ ಗುಲಾಬಿ ಮಗು, ಮಲ್ಲಿಗೆಯಂಥ ಕಣ್ಣು. ಪರದೆಯ ಪಕ್ಕದಲ್ಲಿ, ಶಾಂಭವಿಯ ತೋಳಿನಲ್ಲಿ, ನಿಜವಾದ ಮಗು. ಅವಳು ತಂಗಿಯ ಕೈಯಿಂದ ಫೋನು ತೆಗೆದುಕೊಂಡು ತಿರುಗಿಸಿದಳು. ನುಣ್ಣನೆಯ ಬೆನ್ನಿನ ತುಂಬ ಹಳದಿ ಬೆರಳಚ್ಚು. ಒಂದರ ಮೇಲೊಂದು. ಅವಳಿಗೆ ಯಾರೂ ಏನೂ ವಿವರಿಸಬೇಕಾಗಿರಲಿಲ್ಲ: ಬೆನ್ನಿನ ಹಳದಿ ಯಾವುದು, ಮಗುವಿನ ಹಳದಿ ಯಾವುದು ಎಂದು ತಿಳಿಯದ ಮಸಿಬಟ್ಟೆ ಎರಡನ್ನೂ ಒರೆಸಿಹಾಕಿತ್ತು.

ಆಸ್ಪತ್ರೆಯಲ್ಲಿ ಮಗುವನ್ನು ನೀಲಿ ದೀಪದ ಕೆಳಗೆ ಮಲಗಿಸಿದರು. ಅದೂ ಸಾಲದೆ ತುಮಕೂರಿಗೆ ಒಯ್ದು ರಕ್ತ ಬದಲಾಯಿಸಿದರು. ಮಗು ಉಳಿಯಿತು. ಒಂದೆರಡು ದಿನ ಮುಂಚೆ ಬಂದಿದ್ದರೆ ಎಂದು ವೈದ್ಯೆ ಶುರುಮಾಡಿ, ಚಂಪಾಳ ಮುಖ ನೋಡಿ, ಮಾತು ಮುಗಿಸಲಿಲ್ಲ. ಆಮೇಲೆ ಕಿವಿಯ ಪರೀಕ್ಷೆಯಾಯಿತು. ಕಿವಿ ಸರಿಯಿದೆ, ಕಿವಿಯಿಂದ ಮಿದುಳಿಗೆ ಸದ್ದು ಒಯ್ಯುವ ನರ ಕೆಟ್ಟಿದೆ ಎಂದರು. ಮತ್ತೆ ಮಾಡಿಸಿದರು. ಅದೇ ಬಂತು.

ಆಸ್ಪತ್ರೆಯ ಕಾರಿಡಾರಿನ ಬೆಂಚಿನ ಮೇಲೆ ಚಂಪಾ ಬೈಯಲಿಲ್ಲ, ಅಳಲೂ ಇಲ್ಲ. ಒಂದೇ ಮಾತು ಅಂದಳು.

"ನೀನು ಚೆನ್ನಾಗೇ ಇದಾನೆ ಅಂದೆ ಅಕ್ಕ. ನಾನು ಅದಕ್ಕೇ ಸುಮ್ನಾದೆ."

ಕಂಪನಿಯಲ್ಲಿ ಶಾಂಭವಿ ಎಲ್ಲವನ್ನೂ ಹೇಳಿದಳು. ಆ ಫೋನನ್ನೇ ಒಯ್ದು ಮೇಜಿನ ಮೇಲಿಟ್ಟಳು. ಅದು ಅಲುಗಾಡದೆ ಸಮವಾಗಿ ಕೂತಿತು. ಕೇದಾರನ ಮುಖ ಬಿಳಿಚಿಕೊಂಡಿತು, ಪಾಪ. ಮಗುವಿನ ಬಗ್ಗೆ ಎರಡೆರಡು ಸಲ ವಿಚಾರಿಸಿದ. ಆಮೇಲೆ ಕಾನೂನು ವಿಭಾಗದವರು ಬಂದು ಕೂತರು. ಅವರು ಹೇಳಿದ್ದು ಇಷ್ಟು: ಪ್ರೋಗ್ರಾಮು ಕೆಟ್ಟಿಲ್ಲ, ಹೇಳಿದ ಕೆಲಸವನ್ನೇ ಮಾಡಿದೆ, ಕಾಮಾಲೆಯ ಆ್ಯಪ್ ನಮ್ಮದಲ್ಲ, ಇದು ಲೋಪವಲ್ಲ, ಬಳಕೆಯ ರೀತಿ. ಮುಂದಿನ ಅಪ್‌ಡೇಟಿನಲ್ಲಿ, ಫೋನು ಮುಟ್ಟುವ ಮೊದಲು ಕೈ ತೊಳೆಯಿರಿ ಎಂಬ ಒಂದು ಸಾಲು ಬರುವ ಹಾಗೆ ಮಾಡೋಣ. ಬಸ್ಸುಗಳ ಮೇಲೆ ಅರಿಶಿನದ ಕೈಯ ಗೃಹಿಣಿ ಇನ್ನೂ ನಗುತ್ತಿದ್ದಳು.

ಇನ್ನೆಷ್ಟು ಮನೆಗಳಲ್ಲಿ ಹೀಗಾಗಿದೆಯೋ ವಿಚಾರಿಸಿದಿರಾ ಎಂದು ಶಾಂಭವಿ ಕೇಳಿದಳು.

"ದೂರು ಒಂದೂ ಬಂದಿಲ್ಲ ಮೇಡಂ," ಎಂದ ಕೇದಾರ. ಸುಳ್ಳು ಹೇಳಲಿಲ್ಲ. ದೂರು ಕೊಡಲು ಬಂದವರು ಏನು ತೋರಿಸಿಯಾರು? ಅವರ ಬಳಿ ಇದ್ದ ಎಲ್ಲ ಚಿತ್ರಗಳಲ್ಲೂ ಮಕ್ಕಳು ಕೆಂಪಗೆ, ದುಂಡಗೆ ನಗುತ್ತಿದ್ದವು.

ಅವಳು ಕೆಲಸ ಬಿಡಲಿಲ್ಲ. ಬಿಟ್ಟರೆ ಉಂಗುರದ ಮಾತೆತ್ತುವವರು ಯಾರೂ ಉಳಿಯುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಅದು ನಿಜವೋ, ಬಿಡಲು ಧೈರ್ಯವಿರಲಿಲ್ಲವೋ, ಅವಳಿಗೂ ಸರಿಯಾಗಿ ಗೊತ್ತಿರಲಿಲ್ಲ. ಪ್ರತಿ ಸಭೆಯಲ್ಲೂ ಉಂಗುರ ಬೇಕು ಎಂದಳು. ಬರಬರುತ್ತ ಅವಳು ಬಾಯಿ ತೆರೆದರೆ ಉಳಿದವರು ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತ ಕೂರುವಂತಾಯಿತು.

ಆಮೇಲೊಂದು ದಿನ ಕೇದಾರ ನಗುತ್ತ ಅವಳ ಕೋಣೆಗೆ ಬಂದ. ನೀವು ಗೆದ್ರಿ ಮೇಡಂ, ಉಬ್ಬು ವಾಪಸ್ ಬರ್ತಿದೆ ಎಂದ. ಮಾರಾಟದವರು ಊರೂರು ತಿರುಗಿ ಕೇಳಿಕೊಂಡು ಬಂದಿದ್ದರಂತೆ. ನುಣ್ಣನೆ ಫೋನು ಕೈಯಿಂದ ಜಾರುತ್ತೆ, ಬೆರಳಿಗೆ ಸಿಗಲ್ಲ, ನೋಡಿದವರಿಗೆ ದೊಡ್ಡ ಫೋನು ಅಂತಲೇ ಗೊತ್ತಾಗಲ್ಲ, ಕ್ಯಾಮೆರಾ ಅಂದಮೇಲೆ ಕ್ಯಾಮೆರಾದ ಹಾಗೆ ಕಾಣಬೇಡವೇ ಎಂದು ಜನ ಹೇಳಿದ್ದರು. ಶಾಂಭವಿ ಅವನ ಕೈಯಿಂದ ಹೊಸ ಮಾದರಿಯ ನಕ್ಷೆಯನ್ನು ಬಹುಮಟ್ಟಿಗೆ ಕಿತ್ತುಕೊಂಡಳು. ಮೂರು ಕಣ್ಣಿನ ಉಬ್ಬು, ಅದೇ ಹಳೆಯ ಎತ್ತರ, ಸುತ್ತ ಹೊಳೆಯುವ ಅಂಚು. ಅಡ್ಡ ಕೊಯ್ದು ಬರೆದ ಚಿತ್ರವನ್ನು ಹುಡುಕಿ ಉಬ್ಬಿನ ಒಳಗೆ ನೋಡಿದಳು.

"ಉಂಗುರ ಎಲ್ಲಿ?"

"ಒಳಗೆ ಏನೂ ಇಲ್ಲ ಮೇಡಂ. ಖಾಲಿ. ನೋಡೋಕಷ್ಟೇ."

"ಕ್ಯಾಮೆರಾ?"

"ಬೆನ್ನೇ. ಮೊದಲಿನ ಹಾಗೇ. ಮಸಿಬಟ್ಟೆ ಇನ್ನೂ ಚುರುಕಾಗಿದೆ," ಎಂದ ಅವನು, ಅವಳಿಗೆ ಖುಷಿಯಾಗಲಿ ಎಂದೇ.

ಮಗುವಿನ ವರ್ಷದ ಹುಟ್ಟುಹಬ್ಬಕ್ಕೆ ಶಾಂಭವಿ, ಇಂಚರ ತಿಪಟೂರಿಗೆ ಹೋದರು. ಮಗುವಿಗೆ ಚಿನ್ಮಯ ಎಂದು ಹೆಸರಿಟ್ಟಿದ್ದರು. ದುಂಡಗೆ, ಚೆಂದಕ್ಕಿದ್ದ. ಹಜಾರದ ಚಾಪೆಯ ಮೇಲೆ ಎಲ್ಲರಿಗೂ ಬೆನ್ನು ಹಾಕಿ ಕೂತು ಪ್ಲಾಸ್ಟಿಕ್ ಲೋಟಗಳನ್ನು ಒಂದರೊಳಗೊಂದು ಇಡುತ್ತಿದ್ದ. ಚಂಪಾ ಅಕ್ಕನಿಗೆ ಕಾಫಿ ತಂದುಕೊಟ್ಟಳು. ಮಾತಾಡುತ್ತಿದ್ದಳು, ಮೊದಲಿನ ಹಾಗಲ್ಲ. ಈಗ ಆ ಮನೆಯಲ್ಲಿ ಫೋಟೋ ತೆಗೆಯುತ್ತಿದ್ದುದು ಕಡಿಮೆ.

ಪ್ರಭುಲಿಂಗ ಪೇಟೆಯಿಂದ ಬಂದವನು ಜೇಬಿನಿಂದ ಹೊಸ ಫೋನು ತೆಗೆದ. ತೆಗೆಯುವಾಗ ಜೇಬೇ ಆಚೆ ಬಂತು.

"ಇದು ತಗಂಡೆ ಅತ್ತಿಗೆ. ನಮ್ಮ ಅಣ್ಣನ ಸೊಸೆಗೆ ಈಗ ಎಂಟು ತಿಂಗಳು. ಅವರ ಮನೇಲೂ ನುಣ್ಣಂದೇ ಇತ್ತು, ಬ್ಯಾಡ ಅಂದೆ. ಇದ್ರಲ್ಲಿ ಉಬ್ಬೈತೆ, ಮೊದಲಿನಂಗೆ. ಇದಾದ್ರೆ ಸರಿಯಾಗಿ ತೋರ್ಸುತ್ತಲ್ವಾ?"

ಅವನು ಅದನ್ನು ಟೀಪಾಯಿಯ ಮೇಲಿಟ್ಟು, ನೋಡಿ ಎನ್ನುವ ಹಾಗೆ ಮೂಲೆಯನ್ನು ಒತ್ತಿದ. ಟಕ್. ಬಿಟ್ಟ. ಟಕ್. ಅಡುಗೆಮನೆಯಿಂದ ಶಿವನಂಜಮ್ಮ ಏನದು ಎಂದು ಇಣುಕಿದಳು. ಇಂಚರ ಪುಸ್ತಕದಿಂದ ತಲೆಯೆತ್ತಿದಳು. ಚಂಪಾ ತಿರುಗಿದಳು. ಶಾಂಭವಿ, ಅದರೊಳಗೆ ಏನೂ ಇಲ್ಲ ಪ್ರಭು ಅವರೇ, ವಾಪಸ್ ಕೊಟ್ಟುಬಿಡಿ ಎಂದು ಹೇಳಿದಳು. ಅವನಿಗೆ ಅರ್ಥವಾಗಲಿಲ್ಲ. ಇಲ್ಲೈತಲ್ಲ ಅತ್ತಿಗೆ, ನೋಡಿ ಎಂದು ಮತ್ತೆ ಒತ್ತಿದ, ಈ ಸಲ ಜೋರಾಗಿ.

ಟೀಪಾಯಿಗೆ ಒಂದು ಮಾರು ದೂರದಲ್ಲಿ ಚಿನ್ಮಯ ಕೊನೆಯ ಲೋಟವನ್ನು ಒಳಗಿಟ್ಟು, ತಾನೇ ಕೈ ತಟ್ಟಿಕೊಂಡು, ಮತ್ತೆ ಎಲ್ಲವನ್ನೂ ಬಿಡಿಸಿ ಮೊದಲಿನಿಂದ ಜೋಡಿಸತೊಡಗಿದ. ಶಾಂಭವಿ ಟೀಪಾಯಿಯ ಮೇಲೆ ಕುಣಿಯುತ್ತಿದ್ದ ಫೋನಿನ ಮೇಲೆ ಅಂಗೈ ಊರಿದಳು. ಸದ್ದು ನಿಂತಿತು. ಚಿನ್ಮಯನಿಗೆ ಅದು ಶುರುವಾದದ್ದೇ ಗೊತ್ತಿರಲಿಲ್ಲ.